ಕಾಯುವ ಎಲೆ, ಕಾಯಲಾಗದ ರೈತ

ಹಿಂದೂಪುರದ ಹುಣಸೆ ಮಂಡಿಯಲ್ಲಿ ನನಗೊಬ್ಬರು ಹಳೇ ಸ್ನೇಹಿತರಿದ್ದಾರೆ. ಮೂವತ್ತು ವರ್ಷದಿಂದ ನನ್ನ ಹುಣಸೆಹಣ್ಣು ತೂಗಿದವರು ಅವರೇ. ನನ್ನ ಕನ್ನಡ ಪದ್ಯ, ತೆಲುಗು ಪದ್ಯ ಎರಡನ್ನೂ ಆಕಳಿಸದೆ ಕೇಳಿದವರೂ ಅವರೇ. ಹೋದ ಸುಗ್ಗಿ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಮಡಕಶಿರಾದಿಂದ ಬಸ್ಸು ಹತ್ತಿ ಹೋಗಿದ್ದೆ. ಸಾಹುಕಾರರು ದುಡ್ಡು ಎಣಿಸಿ ಕೊಟ್ಟು, ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟರು. ಒಳಗೆ ಒಂದೇ ಒಂದು ಚುಟ್ಟ. ಜೊತೆಗೆ ತೇವ ಆರದಂತೆ ಇಟ್ಟ ಒಂದು ಸಣ್ಣ ಚೀಟಿ ಪೊಟ್ಟಣ.

"ಏನ್ ಸಾವ್ಕಾರ್ರೇ, ಈ ವಯಸ್ಸಿನಾಗೆ ಚುಟ್ಟದ ಚಟ ಹತ್ತಿತಾ?" ಅಂದೆ.

"ಚುಟ್ಟ ಅನ್ಬೇಡಿ ಕವಿಗಳೇ. ದುಬೈನಾಗಿರೋ ನಮ್ಮ ಅಳಿಯ ತಂದಿದ್ದು. ಕ್ಯೂಬಾ ದೇಶದ್ದಂತೆ. ಒಂದಕ್ಕೆ ಒಂದು ಮೂಟೆ ಹುಣಸೆಹಣ್ಣಿನ ರೇಟು ಅಂತಾನೆ. ನಾನಂತೂ ಸೇದೋನಲ್ಲ. ನೀವು ರುಚಿ ನೋಡಿ, ಅಂಥಾದ್ದೇನೈತೆ ಇದರಾಗೆ ಅಂತ ಹೇಳಿ."

ಓದುಗ ಮಿತ್ರರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬೀಡಿ ಬಿಟ್ಟು ಹದಿನೆಂಟು ವರ್ಷವಾಯಿತು. ಬಿಡಿಸಿದ್ದು ಡಾಕ್ಟರಲ್ಲ, ನಮ್ಮಪ್ಪ. ಅವರು ಜೀವನವೆಲ್ಲ ಲಂಕ ಪೊಗಾಕಿನ ಚುಟ್ಟ ಸೇದಿದವರು. ಗೋದಾವರಿ ನದಿಯ ನಡುಗಡ್ಡೆಗಳಲ್ಲಿ ಬೆಳೆಯುವ ಆ ಸೊಪ್ಪು ಬಿಟ್ಟರೆ ಬೇರೆ ಮುಟ್ಟುತ್ತಿರಲಿಲ್ಲ. ಕೊನೆಗೆ ಗಂಟಲಲ್ಲಿ ಗಂಟಾಗಿ, ಗಂಜಿಯೂ ಇಳಿಯದೆ ಹೋದರು. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೆ ಅಪಾಯವಿಲ್ಲ ಅಂತ ಚುಟ್ಟ ಸೇದುವವರೂ ಸಿಗಾರ್ ಸೇದುವವರೂ ಹೇಳುತ್ತಾರೆ. ಅದು ಸುಳ್ಳು. ಬಾಯಿ, ನಾಲಿಗೆ, ಗಂಟಲಿಗೆ ಅಷ್ಟೇ ಹೊಗೆ ಸಾಕು. ಆದ್ದರಿಂದ ಈ ಬರಹ ಯಾರಿಗೂ ಸೇದಿರಿ ಅಂತ ಹೇಳುವುದಕ್ಕಲ್ಲ. ಒಂದು ಎಲೆಗೆ ಅಷ್ಟು ಬೆಲೆ ಹೇಗೆ ಬಂತು, ಅದು ಯಾರ ಕೈ ಸೇರಿತು ಅನ್ನುವ ರೈತನ ಲೆಕ್ಕ ಇದು.

ಆ ಸಿಗಾರಿಗೆ ಎರಡು ಉಂಗುರ. ಮೇಲಿನದು ಕಂದು ಬಣ್ಣದ್ದು, ಮಾಂಟೆಕ್ರಿಸ್ಟೋ ಅಂತ ಅಚ್ಚು. ಅದರ ಕೆಳಗೆ ಕಪ್ಪು-ಬಂಗಾರದ ಉಂಗುರ, 'ಎಡಿಸಿಯೋನ್ ಲಿಮಿತಾದ 2016' ಎಂದು. ಅಂದರೆ ಮಿತವಾಗಿ ಮಾಡಿದ ವಿಶೇಷ ಆವೃತ್ತಿ. ಮಾಂಟೆಕ್ರಿಸ್ಟೋ ಹುಟ್ಟಿದ್ದು 1935ರಲ್ಲಿ. 2016ರ ಈ ವಿಶೇಷ ಸಿಗಾರಿನ ಹೆಸರು ದಾಂತೆಸ್. ಉದ್ದ 167 ಮಿಲಿಮೀಟರು, ದಪ್ಪ ಮುಕ್ಕಾಲು ಇಂಚು. ಹತ್ತರ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದದ್ದು.

ಹೆಸರು ಓದಿದ ಕೂಡಲೇ ನನ್ನೊಳಗಿನ ಕವಿ ಎದ್ದು ಕೂತ. ದಾಂತೆಸ್ ಅನ್ನುವವನು ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾ ಬರೆದ 'ಕೌಂಟ್ ಆಫ್ ಮಾಂಟೆಕ್ರಿಸ್ಟೋ' ಕಾದಂಬರಿಯ ನಾಯಕ. ಮಾಡದ ತಪ್ಪಿಗೆ ಹದಿನಾಲ್ಕು ವರ್ಷ ಸೆರೆಮನೆಯಲ್ಲಿ ಕಾದವನು. ಹೊಗೆಸೊಪ್ಪಿಗೂ ಕಾದಂಬರಿಗೂ ಏನು ಸಂಬಂಧ ಅಂತೀರಾ? ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಇದೆ. ನೂರಾರು ಜನ ಸಾಲಾಗಿ ಕೂತು ಎಲೆ ಸುತ್ತುವಾಗ, ಎತ್ತರದ ಪೀಠದ ಮೇಲೆ ಒಬ್ಬರು ಕೂತು ಗಟ್ಟಿಯಾಗಿ ಓದುತ್ತಾರೆ. ಪತ್ರಿಕೆಯನ್ನೂ ಓದುತ್ತಾರೆ, ಕಾದಂಬರಿಯನ್ನೂ ಓದುತ್ತಾರೆ. ಆಗಿನ ಕಾಲಕ್ಕೆ ಓದುವವರ ಸಂಬಳವನ್ನು ಕೊಡುತ್ತಿದ್ದದ್ದು ಮಾಲೀಕರಲ್ಲ, ಸುತ್ತುವ ಕೂಲಿಗಳೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಯಾವ ಪುಸ್ತಕ ಅನ್ನುವುದಕ್ಕೂ ಕೈ ಎತ್ತಿ ಓಟು. ಮರುವರ್ಷವೇ, 1866ರಲ್ಲಿ, ಆಳುತ್ತಿದ್ದ ಸ್ಪೇನ್ ಸರ್ಕಾರ ಹೆದರಿ ಓದನ್ನು ನಿಷೇಧಿಸಿತು. ನಿಷೇಧ ಹೋಯಿತು, ಓದು ಉಳಿಯಿತು. ಡ್ಯೂಮಾನ ಆ ಕಾದಂಬರಿ ಸುತ್ತುವವರಿಗೆ ಅಷ್ಟು ಇಷ್ಟವಾಗಿತ್ತು, ಆ ಹೆಸರನ್ನೇ ಸಿಗಾರಿಗೆ ಇಟ್ಟರು ಎಂದು ಹೇಳುತ್ತಾರೆ. ಓದಿಸಿಕೊಳ್ಳಲು ಕೂಲಿಯಲ್ಲಿ ಪಾಲು ಕೊಟ್ಟ ಆ ಜನಕ್ಕೆ ನಾನು ಕೂತಲ್ಲೇ ಕೈಮುಗಿದೆ.

ಸರಿ, ಒಂದು ಸಲ ನೋಡೇ ಬಿಡೋಣ ಅಂದುಕೊಂಡು ಗೋಣಿಚೀಲಗಳಿಂದ ದೂರ, ಮಂಡಿಯ ಹಿಂದಿನ ಬೇವಿನ ಮರದಡಿ ಕಲ್ಲಿನ ಮೇಲೆ ಕೂತೆ. ಹಚ್ಚುವ ಮೊದಲು ಮೂಸಿದೆ. ಅಪ್ಪನ ಚುಟ್ಟದ ಘಾಟು ಅಲ್ಲ. ಹಳೇ ಬೆಲ್ಲದ ಗಡಿಗೆಯ ಮುಚ್ಚಳ ತೆಗೆದಂಗೆ, ಮೊದಲ ಮಳೆ ಬಿದ್ದ ಕೆಮ್ಮಣ್ಣಿನಂಗೆ. ಮೇಲೆ ಸುತ್ತಿದ ಎಲೆ ಕಪ್ಪುಗಂದು, ಸವರಿದರೆ ಎಣ್ಣೆ ಹಚ್ಚಿದ ತೊಗಲಿನ ನುಣುಪು. ಒಂದು ಕಡೆಯೂ ನರ ಉಬ್ಬಿಲ್ಲ. ತುದಿಯನ್ನು ಬ್ಲೇಡಿನಲ್ಲಿ ತೆಳ್ಳಗೆ ಕತ್ತರಿಸಿ, ಕಡ್ಡಿ ಗೀರಿ ಸುತ್ತಲೂ ನಿಧಾನ ತಿರುಗಿಸಿ ಹಚ್ಚಿದೆ.

ಮೊದಲ ಕಾಲು ಗಂಟೆ ಹುರಿದ ಕಡಲೆಕಾಯಿ ಸಿಪ್ಪೆಯ ವಾಸನೆ, ಹಿಂದೆಯೇ ಸಣ್ಣದೊಂದು ಸಿಹಿ. ಹೊಗೆ ಬಾಯಲ್ಲಿ ತುಂಬುತ್ತದೆ, ಕಚ್ಚುವುದಿಲ್ಲ. ಬೂದಿ ಬೂದುಬಿಳುಪು, ಹೆಬ್ಬೆರಳಿನ ಉಗುರಿನಷ್ಟು ಬೆಳೆದರೂ ಉದುರಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ರುಚಿ ಬದಲಾಯಿತು. ಕಹಿ ಕಾಫಿ, ಕೋಕೋ, ನಾಲಿಗೆಯ ಬದಿಯಲ್ಲಿ ಮೆಣಸಿನ ಚುರುಕು. ಒಂದೇ ಸುರುಳಿಯೊಳಗೆ ಮೂರು ಊಟ ಬಡಿಸಿದಂಗೆ. ಮೂರನೇ ಭಾಗಕ್ಕೆ ಬಂದಾಗ ಭಾರವಾಯಿತು. ತಲೆ ಸಣ್ಣಗೆ ತಿರುಗಿತು, ಗಂಟಲಲ್ಲಿ ಅಪ್ಪನ ನೆನಪಾಯಿತು. ಅಲ್ಲಿಗೆ ಕಲ್ಲಿನ ಮೇಲಿಟ್ಟೆ. ಒತ್ತಿ ಆರಿಸಬಾರದಂತೆ, ತಾನೇ ಆರಬೇಕಂತೆ. ಅದು ಆರುವ ತನಕ ನೋಡುತ್ತಾ ಕೂತೆ.

ರುಚಿ ಇದೆ, ಸುಳ್ಳು ಹೇಳಲಾರೆ. ಆ ರುಚಿ ಎಲ್ಲಿಂದ ಬಂತು? ಮಂತ್ರವೇನಿಲ್ಲ, ಎಲ್ಲಾ ಒಕ್ಕಲುತನವೇ. ಕ್ಯೂಬಾದ ಪಶ್ಚಿಮಕ್ಕೆ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯ. ಅಲ್ಲಿನ ವುಯೆಲ್ತಾ ಅಬಾಹೊ ಸೀಮೆಯ ಮಣ್ಣು ನಮ್ಮ ಕಡಲೆಕಾಯಿ ಹೊಲದ ಹಾಗೆ ಕೆಂಪು ಮರಳು ಮಣ್ಣು. ಮಳೆಗಾಲ ಮುಗಿದ ಮೇಲೆ ಸಸಿ ನಾಟಿ. ಕೊಯ್ಲು ಎಂದರೆ ಗಿಡ ಕಡಿಯುವುದಲ್ಲ. ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಎರಡು ಮೂರು ಎಲೆ ಮಾತ್ರ, ನಡುವೆ ಕೆಲವು ದಿನ ಕಾದು ಕೈಯಲ್ಲೇ ಮುರಿಯುತ್ತಾರೆ. ಗಿಡದ ಕೆಳಗಿನ ಎಲೆಗೆ ವೊಲಾದೊ ಎಂಬ ಹೆಸರು, ಅದು ಚೆನ್ನಾಗಿ ಉರಿಯಲಿಕ್ಕೆ. ನಡುವಿನದು ಸೆಕೊ, ಪರಿಮಳಕ್ಕೆ. ಬಿಸಿಲು ಹೆಚ್ಚು ಕುಡಿದ ಮೇಲಿನದು ಲಿಹೇರೊ, ಖಾರಕ್ಕೆ. ಹೊದಿಕೆಯ ಎಲೆಯನ್ನು ಬೇರೆ ಹೊಲದಲ್ಲಿ ತೆಳು ಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ. ಆಮೇಲೆ ಗರಿ ಹೊದಿಸಿದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುವುದು, ಮೆದೆ ಒಟ್ಟಿ ಹುದುಗಿಸುವುದು, ಮೂಟೆ ಕಟ್ಟಿ ಇಡುವುದು.

ವಿಶೇಷ ಆವೃತ್ತಿಯ ಗುಟ್ಟು ಈ ಇಡುವುದರಲ್ಲೇ ಇದೆ. 2000ನೇ ಇಸವಿಯಲ್ಲಿ ಇದನ್ನು ಶುರುಮಾಡಿದಾಗ ನಿಯಮ ಹೀಗಿತ್ತು: ಹೊದಿಕೆಗೆ ಗಿಡದ ಮೇಲುಭಾಗದ ಕಪ್ಪು ಎಲೆ ಬೇಕು, ಅದು ಕನಿಷ್ಠ ಎರಡು ವರ್ಷ ಕಾದಿರಬೇಕು. 2007ರಿಂದ ಒಳಗಿನ ಎಲೆ, ಕಟ್ಟುವ ಎಲೆ, ಹೊದಿಕೆ ಮೂರೂ ಎರಡು ವರ್ಷ ಕಾಯಬೇಕು ಎಂದಾಯಿತು. ಅಂದರೆ ಸಾಮಾನ್ಯ ಸಿಗಾರಿಗೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕಾಲದ್ದು. ಎಲೆ ಕಾದಿದೆ, ಅದಕ್ಕೆ ಬೆಲೆ ಏರಿದೆ. ಕ್ಯೂಬಾದ ಪಂಡಿತ ಫೆರ್ನಾಂದೊ ಒರ್ತಿಜ್ 1940ರಲ್ಲೇ ಹೊಗೆಸೊಪ್ಪನ್ನೂ ಕಬ್ಬನ್ನೂ ಎದುರುಬದುರು ನಿಲ್ಲಿಸಿ ಒಂದು ಪುಸ್ತಕ ಬರೆದರು. ಕಬ್ಬಿಗೆ ಅವಸರ, ಕಡಿದ ಕೂಡಲೇ ಗಾಣಕ್ಕೆ ಹೋಗಬೇಕು. ಹೊಗೆಸೊಪ್ಪಿಗೆ ನಿಧಾನವೇ ಬಂಡವಾಳ.

ಈಗ ನನ್ನ ಪ್ರಶ್ನೆ. ಕಾದದ್ದು ಎಲೆ ಸರಿ, ಕಾದ ಬೆಲೆ ಯಾರಿಗೆ?

ಅಲ್ಲಿ ಹೊಗೆಸೊಪ್ಪು ಬೆಳೆಯುವವರಲ್ಲಿ ಹೆಚ್ಚಿನವರು ನಮ್ಮಂಥ ಸಣ್ಣ ರೈತರು, ಸಹಕಾರ ಸಂಘದವರು. ಗೊಬ್ಬರ, ಚಪ್ಪರದ ಬಟ್ಟೆ ಸರ್ಕಾರ ಒದಗಿಸುತ್ತದೆ. ಬೆಳೆದದ್ದನ್ನು ಸರ್ಕಾರವೇ ತಾನು ಗೊತ್ತುಮಾಡಿದ ದರಕ್ಕೆ ಕೊಳ್ಳುತ್ತದೆ. ಕೊಳ್ಳುವವರಿದ್ದಾರೆ ಎಂಬ ಧೈರ್ಯ ಸಣ್ಣದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಎಲೆ ಕೊಟ್ಟಿಗೆ ದಾಟಿದ ಮೇಲೆ ಅದು ಉಗ್ರಾಣದಲ್ಲಿ ಕಾದು ಏರಿಸಿಕೊಂಡ ಬೆಲೆ ಬೆಳೆದವನ ಲೆಕ್ಕಕ್ಕೆ ಬರುವುದಿಲ್ಲ. 1999ರಿಂದ ಹವಾನಾದಲ್ಲಿ ನಡೆದುಕೊಂಡು ಬಂದ ಸಿಗಾರ್ ಉತ್ಸವದ ಕೊನೆಗೆ ಹರಾಜು ಇರುತ್ತದೆ. 2024ರ ಹರಾಜು ಒಂದು ಕೋಟಿ ಯೂರೋ ದಾಟಿತು. ಆ ಹಣವನ್ನು ಕ್ಯೂಬಾದ ಆಸ್ಪತ್ರೆಗಳಿಗೆ ಕೊಡುತ್ತಾರೆ, ಒಳ್ಳೇದೇ. ಹೊಗೆಯ ದುಡ್ಡು ಆಸ್ಪತ್ರೆಗೇ ಹೋಗುತ್ತದಲ್ಲ ಅಂತ ನನಗೆ ನಗುವೂ ಬಂತು, ಅಪ್ಪನ ನೆನಪಾಗಿ ನಗು ನಿಂತೂ ಹೋಯಿತು. ಅದಕ್ಕೂ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊಗೆ ಬಡಿದು ಸಾವಿರಾರು ಒಣಗಿಸುವ ಕೊಟ್ಟಿಗೆಗಳು ನೆಲಕ್ಕುರುಳಿದವು. ಪೆಟ್ಟಿಗೆಯ ಬೆಲೆ ಏರುತ್ತಲೇ ಇತ್ತು, ಕೊಟ್ಟಿಗೆಯ ಕಂಬ ರೈತನೇ ಮತ್ತೆ ನೆಡಬೇಕಾಯಿತು.

ಒಬ್ಬ ರೈತನ ಹೆಸರು ಮಾತ್ರ ಉಂಗುರದ ಮೇಲೆ ಬಂದಿದೆ. ಅಲೆಹಾಂದ್ರೊ ರೊಬೈನಾ, 1919ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡವರು. ಹೊದಿಕೆ ಎಲೆ ಬೆಳೆಯುವುದರಲ್ಲಿ ಅವರಿಗೆ ಸಮನಿಲ್ಲ ಅಂತ ಹೆಸರು. 1997ರಲ್ಲಿ ವೇಗಾಸ್ ರೊಬೈನಾ ಎಂದು ಅವರ ಮನೆತನದ ಹೆಸರಲ್ಲೇ ಸಿಗಾರ್ ಬಂತು. ಕಾದಂಬರಿಯ ನಾಯಕನಿಗೆ ಉಂಗುರ ಸಿಕ್ಕಿದೆ, ಪ್ರೇಮಿಗಳಾದ ರೋಮಿಯೋ ಜೂಲಿಯೆಟ್‌ಗೂ ಸಿಕ್ಕಿದೆ. ಬೆಳೆದವರ ಪೈಕಿ ಸಿಕ್ಕಿದ್ದು ಆ ಒಬ್ಬರಿಗೆ.

ಇದೆಲ್ಲ ದೂರದ ಕಥೆ ಅಂತ ಅನ್ನಬೇಡಿ. ನಮ್ಮ ಹುಣಸೆಹಣ್ಣಿನ ಕಥೆ ಬೇರೆಯಾ? ನಾವೂ ಕರಿಪುಳಿ, ಫ್ಲವರ್ ಅಂತ ತರ ವಿಂಗಡಿಸುತ್ತೇವೆ. ಸಿಪ್ಪೆ ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ತೆಗೆಯುವುದು ನಮ್ಮ ಮನೆ ಹೆಂಗಸರ ಬೆರಳು. ಸುಗ್ಗಿಯಲ್ಲಿ ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬಂದಾಗ ಸಿಕ್ಕಿದ ರೇಟಿಗೆ ಕೊಟ್ಟು ಬರುತ್ತೇವೆ. ಯಾಕೆಂದರೆ ಕೈಸಾಲ ಕಾಯುವುದಿಲ್ಲ, ಮಗಳ ಫೀಸು ಕಾಯುವುದಿಲ್ಲ. ಅದೇ ಹಣ್ಣು ಕೋಲ್ಡ್ ಸ್ಟೋರೇಜಿನಲ್ಲಿ ಬಣ್ಣ ಕೆಡದೆ ಕೂತು, ಮಾಲು ಕಡಿಮೆಯಾದ ತಿಂಗಳಲ್ಲಿ ಹೊರಗೆ ಬರುತ್ತದೆ.

ಈ ಮಾತನ್ನು ಸಾಹುಕಾರರ ಎದುರಿಗೇ ಆಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕಾಯೋದು ಪುಕ್ಕಟೆ ಅಂದ್ಕೊಂಡ್ರಾ ಕವಿಗಳೇ? ಸ್ಟೋರೇಜಿನ ಬಾಡಿಗೆ ಐತೆ, ದುಡ್ಡಿನ ಬಡ್ಡಿ ಐತೆ, ತೂಕ ಇಳಿಯೋದೈತೆ. ರೇಟು ಬಿದ್ರೆ ನಿಮ್ಮನೆಗೆ ಬಂದು ಕೇಳಕ್ಕಾಗುತ್ತಾ?" ಅಂದರು. ನ್ಯಾಯವಾದ ಮಾತು. ವ್ಯಾಪಾರಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಕಾಯುವುದೂ ಒಂದು ದುಡಿಮೆಯೇ, ಅದಕ್ಕೂ ಕೂಲಿ ಇರಲಿ. ಆದರೆ ಆ ದುಡಿಮೆಯಲ್ಲಿ ಬೆಳೆದವನಿಗೂ ಒಂದು ಪಾಲು ಬೇಕು ಅನ್ನುತ್ತೇನೆ.

ಉಗ್ರಾಣದ ರಸೀತಿಯ ಮೇಲೆ ಸಾಲ ಸಿಗಲಿ ಎಂದು 2007ರಲ್ಲೇ ಕೇಂದ್ರ ಸರ್ಕಾರ ಕಾನೂನು ಮಾಡಿದೆ. ನಮ್ಮ ಊರಿನಲ್ಲಿ ಆ ರಸೀತಿ ಕಣ್ಣಲ್ಲಿ ಕಂಡವರು ಎಷ್ಟು ಜನ? ಹತ್ತು ಮನೆಯವರು ಸೇರಿ ಒಂದು ಲಾಟು ಇಟ್ಟರೆ ಬಾಡಿಗೆ ಹಂಚಿಹೋಗುತ್ತದೆ. ಮೂಟೆಯ ಮೇಲೆ ಊರಿನ ಹೆಸರು, ಸುಗ್ಗಿಯ ವರ್ಷ ಬರೆಯಲು ಖರ್ಚು ಮಸಿಯದ್ದಷ್ಟೇ. ಕ್ಯೂಬಾದವರು ಉಂಗುರದ ಮೇಲೆ ಇಸವಿ ಅಚ್ಚು ಹಾಕಿ ಲೋಕವನ್ನೇ ಒಪ್ಪಿಸಿದ್ದಾರೆ. ಆರೋಗ್ಯ ಕೆಡಿಸುವ ಎಲೆಗೆ ಅಷ್ಟು ಮರ್ಯಾದೆ ಸಿಕ್ಕುವುದಾದರೆ, ಅನ್ನಕ್ಕೆ ರುಚಿ ಕೊಡುವ ಹುಣಸೆಗೆ ಯಾಕೆ ಬೇಡ? ಗಡಿಯ ಆಚೆ ಪಾವಗಡ, ಮಧುಗಿರಿಯ ರೈತರಿಗೂ ಇದೇ ಮಾತು. ನಮ್ಮ ಹಣ್ಣಿಗೆ ತೆಲುಗು ಯಾವುದು ಕನ್ನಡ ಯಾವುದು ಅಂತ ಗೊತ್ತಿಲ್ಲ.

ಹೊರಡುವಾಗ ಸಾಹುಕಾರರು ಕೇಳಿದರು, "ರುಚಿ ಹೆಂಗಿತ್ತು, ಹೇಳ್ಲೇ ಇಲ್ವಲ್ಲ?"

"ಭೇಷಾಗಿತ್ತು. ಇನ್ನೊಂದು ಸಲ ಬೇಡ. ಆದ್ರೆ ಬರೋ ಸುಗ್ಗಿಗೆ ಹತ್ತು ಮೂಟೆ ಕರಿಪುಳಿ ನನ್ನ ಹೆಸರಲ್ಲೇ ಸ್ಟೋರೇಜಿಗೆ ಹಾಕಾನ. ಬಾಡಿಗೆ ಅರ್ಧರ್ಧ, ಬಂದಿದ್ದೂ ಅರ್ಧರ್ಧ, ಹೋದ್ರೂ ಅರ್ಧರ್ಧ. ಏನಂತೀರಿ?"

ಅವರು ಕನ್ನಡಕ ಮೇಲೆ ಸರಿಸಿ ಖಾತೆ ಪುಸ್ತಕ ತೆರೆದರು. ಹೂಂ ಅನ್ನಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ. ಹೊಸ ಪುಟದ ಮೇಲೆ ನನ್ನ ಹೆಸರು ಬರೆದು, ಕೆಳಗೆ ಖಾಲಿ ಬಿಟ್ಟರು.