ಅಂಕ ಮುಟ್ಟಿದ ತರಗತಿ, ಕಲಿತ ತರಗತಿ
ಮೂರನೇ ತರಗತಿಯ ಮಗುವಿಗೆ ಗಣಿತದಲ್ಲಿ ಐದನೇ ತರಗತಿಯ ಸರಾಸರಿ ಅಂಕ ಬಂದರೆ ಅದನ್ನು ನೇರ ಐದನೆಯದಕ್ಕೆ ಕೂರಿಸಬಹುದೇ? ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ಕೇಳುವ ಪ್ರಶ್ನೆ ಇದು. ಅಂಕವೊಂದನ್ನೇ ನಂಬಿ ಕೂರಿಸಬಾರದು ಎನ್ನುತ್ತೇನೆ. ಅಲ್ಲಿನ ಅನೇಕ ಶಾಲೆಗಳು ನಡೆಸುವ ಮ್ಯಾಪ್ ಪರೀಕ್ಷೆ ಮಗುವಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತದೆ: ಸರಿಯಾದರೆ ಇನ್ನಷ್ಟು ಕಠಿಣ, ತಪ್ಪಾದರೆ ತುಸು ಸುಲಭ. ಹಾಗಾಗಿ ಚುರುಕಾದ ಮಗುವಿಗೂ ಸುಮಾರು ಅರ್ಧದಷ್ಟು ಪ್ರಶ್ನೆ ತಪ್ಪುತ್ತವೆ. ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ ಮಗುವನ್ನು ದಯವಿಟ್ಟು ಬೈಯಬೇಡಿ. ಎಲ್ಲ ತರಗತಿಗಳಿಗೂ ಅಂಕದ ಅಳತೆಗೋಲು ಒಂದೇ ಆದ್ದರಿಂದ ಹೋಲಿಕೆ ಸುಲಭ, ಅಪಾಯವೂ ಅಲ್ಲೇ. ಯಾವ ತರಗತಿಯಲ್ಲಿ ಏನು ಕಲಿಯಬೇಕೆಂದು ಹೇಳುವ, 2010ರಲ್ಲಿ ಬಂದ ಕಾಮನ್ ಕೋರ್ ಮಾನದಂಡಗಳ ಪ್ರಕಾರ ಮೂರನೆಯದರ ಕೊನೆಗೆ ಒಂದಂಕಿಯ ಗುಣಾಕಾರ ಬಾಯಿಗೆ ಬರಬೇಕು, ಸಂಖ್ಯಾರೇಖೆಯ ಮೇಲೆ ಮುಕ್ಕಾಲು ಎಲ್ಲಿದೆಯೆಂದು ತೋರಿಸಬೇಕು. ಛೇದ ಬೇರೆಬೇರೆಯಿರುವ ಭಿನ್ನರಾಶಿಗಳನ್ನು ಕೂಡುವುದು ಐದನೆಯದರಲ್ಲಿ. ಕೆಳಗಿನ ಪಾಠಗಳಲ್ಲಿ ಗಟ್ಟಿಯಾದ ಮಗು ಆ ಕೂಡುವಿಕೆಯನ್ನು ಕಲಿಯದೆಯೂ ಐದನೆಯದರ ಅಂಕ ಮುಟ್ಟಬಲ್ಲದು. ನನಗೆ ಹೆಚ್ಚಿನ ಚಿಂತೆ ಹಿಂದುಳಿದ ಮಕ್ಕಳದು: ಕೆಳಗಿನ ತರಗತಿಯ ಅಂಕ ಬಂತೆಂದು ಅವರನ್ನು ಅಲ್ಲೇ ಉಳಿಸಿಬಿಡುವ ಅಪಾಯವಿದೆ. 2015ರ ಫೆಡರಲ್ ಶಿಕ್ಷಣ ಕಾಯ್ದೆ ರಾಜ್ಯಗಳ ಪರೀಕ್ಷೆಗೆ ತರಗತಿಯ ಮಟ್ಟದಾಚೆಗೂ ಅಳೆಯಲು ಅವಕಾಶ ಕೊಟ್ಟಿತು, ಆದರೆ ಮಗು ತನ್ನ ತರಗತಿಯ ಮಟ್ಟದಲ್ಲಿದೆಯೇ ಎಂಬುದನ್ನು ಹೇಳಲೇಬೇಕೆಂದಿತು. ಆ ಷರತ್ತು ಉಳಿಯಲೇಬೇಕು. ಏಳನೇ ತರಗತಿಯ ಹುಡುಗಿಗೆ ವರ್ಷವಿಡೀ ನಾಲ್ಕನೆಯದರ ಲೆಕ್ಕವನ್ನೇ ಕೊಡುತ್ತ ‘ಅವಳ ಮಟ್ಟ ಇಷ್ಟೇ’ ಎಂದುಬಿಟ್ಟರೆ ಬೀಜಗಣಿತ ಅವಳ ಕೈಗೆ ಸಿಗುವುದು ಯಾವಾಗ? ಭಿನ್ನರಾಶಿಯ ಕೊರತೆಯನ್ನು ಅನುಪಾತದ ಪಾಠದೊಳಗೇ ತುಂಬಿಕೊಡುವ ಟೀಚರ್ ಅವಳಿಗೆ ಬೇಕು.