ಕೋಡಿಗೆ ಮೂಟೆ ಇಡೋ ಮುಂಚೆ ಕೆಳಗಿನ ಮನೆ ನೋಡಿ

ಅರಸೀಕೆರೆ ಕಡೆ ವರ್ಷದ ಮಳೆ 700 ಮಿ.ಮೀ. ಆಸುಪಾಸು. ಅದೂ ಒಂದೊಂದು ವರ್ಷ ಕೈಕೊಡುತ್ತೆ. ಹಾಗಾಗಿ ಸ್ವಂತ ಜಮೀನಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟೆ ಮಾಡಿಕೊಂಡವರಿಗೆ, ಕೋಡಿಯಲ್ಲಿ ನೀರು ಹರಿದು ಹೋಗೋದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ತೆಂಗು ಒಣಗಿದ್ದನ್ನ ಕಂಡವರಿಗೆ ಆ ಸಂಕಟ ಗೊತ್ತು. ಆದರೆ ಆ ಸಂಕಟದಲ್ಲಿ ಕೋಡಿಗೆ ಅಡ್ಡ ಮರಳು ಮೂಟೆ ಜೋಡಿಸಿ ಇನ್ನೊಂದಡಿ ನೀರು ನಿಲ್ಲಿಸೋದಿದೆಯಲ್ಲ, ಮಣ್ಣಿನ ಕಟ್ಟೆಗೆ ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಕಲ್ಲು, ಕಾಂಕ್ರೀಟಿನ ಚೆಕ್ ಡ್ಯಾಂ ತಲೆ ಮೇಲೆ ನೀರು ಹರಿಯೋಕೆ ಅಂತಲೇ ಕಟ್ಟಿದ್ದು. ಮಣ್ಣಿನ ಏರಿ ಹಾಗಲ್ಲ. ಅದರ ಮೇಲೆ ನೀರು ಹತ್ತಿದರೆ ಹಿಂಬದಿಯ ಮಣ್ಣು ಕೊರೆಯುತ್ತಾ ಬಂದು ಸ್ವಲ್ಪ ಹೊತ್ತಲ್ಲೇ ಬಾಯಿ ಬಿಡುತ್ತೆ. 1 ಎಕರೆ ಹರವಿನಲ್ಲಿ ಸರಾಸರಿ 6 ಅಡಿ ನೀರು ಅಂದರೆ ಸುಮಾರು 74 ಲಕ್ಷ ಲೀಟರ್, 5,000 ಲೀಟರಿನ ಹತ್ತಿರ ಹತ್ತಿರ 1,500 ಟ್ಯಾಂಕರ್. ಅಷ್ಟೂ ಒಂದೇ ಸಲ ಕೆಳಗಿನ ತೋಟ, ಕೊಟ್ಟಿಗೆ, ಮನೆ ಮೇಲೆ ನುಗ್ಗುತ್ತೆ. 2018ರ ಮೇ 9ರ ರಾತ್ರಿ ಕೀನ್ಯಾದ ಸೊಲೈನಲ್ಲಿ ಒಂದು ಖಾಸಗಿ ಫಾರಂನ ಕಟ್ಟೆ ಹೀಗೆ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. ಅದು ನಮ್ಮ ಕಟ್ಟೆಗಳಿಗಿಂತ ಬಹಳ ದೊಡ್ಡದು, ನಿಜ. ಆದರೆ ಕೆಳಗೆ ಒಂದೇ ಮನೆ ಇದ್ದರೂ ಮನೆ ಮನೆಯೇ.

ಈಗಿನ ಎಷ್ಟೋ ಕಟ್ಟೆಗಳಿಗೆ ಕೋಡಿಯೇ ಇಲ್ಲ. ಜೆಸಿಬಿ ತರಿಸಿ ಎರಡು ದಿನದಲ್ಲಿ ಏರಿ ಎಬ್ಬಿಸಿ, ಮೂಲೆಗೊಂದು 6 ಇಂಚಿನ ಪೈಪ್ ತೂರಿಸಿ ಮುಗಿಸ್ತಾರೆ. ಲೆಕ್ಕ ಹಾಕಿ ನೋಡಿ. ನಿಮ್ಮ ಕಟ್ಟೆಗೆ 20 ಎಕರೆಯ ನೀರು ಇಳಿದು ಬರುತ್ತೆ ಅಂತಿಟ್ಟುಕೊಳ್ಳಿ. ನೆಲ ಆಗಲೇ ನೆನೆದಿರುವಾಗ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ ಸೆಕೆಂಡಿಗೆ 1,100 ಲೀಟರಿನಷ್ಟು ನೀರು ಬರುತ್ತೆ. ಇದನ್ನ ಒಂದಡಿ ಆಳದಲ್ಲಿ ಹರಿಸಬೇಕಾದರೆ ಕೋಡಿ ಸುಮಾರು 13 ಅಡಿ ಅಗಲ ಇರಬೇಕು. 6 ಇಂಚಿನ ಪೈಪ್ ಇದರಲ್ಲಿ ಹತ್ತನೇ ಒಂದು ಪಾಲನ್ನೂ ಸಾಗಿಸಲ್ಲ. ಏರಿಯ ತಲೆ ಕೋಡಿಯ ಮಟ್ಟಕ್ಕಿಂತ ಕಡಿಮೆ ಅಂದರೂ 3 ಅಡಿ ಮೇಲಿರಲಿ. ಕೋಡಿಯನ್ನ ಹೊಸ ಮಣ್ಣು ತುಂಬಿದ ಜಾಗದಲ್ಲಿ ಮಾಡಬೇಡಿ, ಏರಿಯ ತುದಿ ದಾಟಿ ಗಟ್ಟಿ ನೆಲದಲ್ಲಿ ಮಾಡಿ. ಬೇಲೂರಿನ ಕಾಫಿ ತೋಟಗಳ ಕಡೆ ಮಳೆ ಜಾಸ್ತಿ, ಇಳಿಜಾರೂ ಜಾಸ್ತಿ. ಅಲ್ಲಿ ಕೋಡಿ ಇನ್ನೂ ಅಗಲ ಬೇಕು.

ಇದೇನೂ ಹೊಸ ವಿದ್ಯೆ ಅಲ್ಲ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ, ಹಳೇಬೀಡಿನ ಹಳೇ ಹೆಸರು ದೋರಸಮುದ್ರ. ಏರಿ, ತೂಬು, ಕೋಡಿ ಮೂರೂ ಇದ್ದರೇ ಕೆರೆ ಅಂತ ಈ ಸೀಮೆಗೆ ಯಾವತ್ತೋ ಗೊತ್ತಿತ್ತು. ನೋಡಿಕೊಳ್ಳೋಕೆ ನೀರಗಂಟಿ ಇದ್ದ. ನಿಮ್ಮ ಕಟ್ಟೆಗೆ ನೀರಗಂಟಿ ನೀವೇ.

ಸರ್ಕಾರ ಬಂದು ನೋಡುತ್ತೆ ಅಂದ್ಕೋಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬರೋದು 15 ಮೀಟರ್‌ಗಿಂತ ಎತ್ತರದವಕ್ಕೆ, ಜೊತೆಗೆ ಕೆಲವು ಷರತ್ತಿಗೆ ಒಳಪಡುವ 10ರಿಂದ 15 ಮೀಟರಿನವಕ್ಕೆ. ಹಾಗಂತ ಒಡೆದರೆ ಕೇಳೋರಿಲ್ಲ ಅಂತಲ್ಲ. ಬ್ರಿಟಿಷರ ಕಾಲದಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆ ನೀರು ನುಗ್ಗಿ ರೈಲ್ವೆ ಸೇತುವೆ ಕೊಚ್ಚಿಹೋದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಜಮೀನ್ದಾರರ ಪರ ತೀರ್ಪು ಕೊಟ್ಟಿತು. ಯಾಕೆ ಗೊತ್ತಾ? ಅವು ಜನರ ಬದುಕಿಗೆ ಬೇಕಾದ ಪುರಾತನ ಕೆರೆಗಳು, ಕಾಪಾಡೋದು ಅವರ ಕರ್ತವ್ಯ, ಅದರಲ್ಲಿ ಅವರ ನಿರ್ಲಕ್ಷ್ಯ ಕಾಣಲಿಲ್ಲ ಅಂತ. ಮೊನ್ನೆ ಜೆಸಿಬಿಯಲ್ಲಿ ಎಬ್ಬಿಸಿದ ಕಟ್ಟೆ ಪುರಾತನವೂ ಅಲ್ಲ, ಕೋಡಿಗೆ ಮೂಟೆ ಇಟ್ಟವರು ನಿರ್ಲಕ್ಷ್ಯ ಇಲ್ಲ ಅಂತ ವಾದ ಮಾಡೋದೂ ಕಷ್ಟ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದರು, ಜನ ಲೇವಡಿ ಮಾಡಿದರು. ಏಡಿ ಬಿಲ ಏರಿಗೆ ತೊಂದರೆ ಅನ್ನೋದೇನೋ ನಿಜವೇ. ಆದರೆ ಅಲ್ಲಿ ನೀರು ಸೋರ್ತಿದೆ ಅಂತ ಊರವರು ಮೊದಲೇ ದೂರಿದ್ದರು. ಏಡಿ, ಹೆಗ್ಗಣ, ಮುಳ್ಳುಹಂದಿ ಬಿಲ ಕಂಡರೆ ಬಾಯಿಗೆ ಮಾತ್ರ ಮಣ್ಣು ತುರುಕಬೇಡಿ. ನೀರು ಕಡಿಮೆ ಇರುವಾಗ ಅಗೆದು, ಜೇಡಿಮಣ್ಣು ತುಂಬಿ, ಅರ್ಧ ಅಡಿಗೊಮ್ಮೆ ದಮ್ಮಸ್ ಮಾಡಿ. ಏರಿ ಮೇಲೆ ಗರಿಕೆ, ಲಾವಂಚ ಇರಲಿ. ಜಾಲಿ ಗಿಡ ಚಿಕ್ಕದಿರುವಾಗಲೇ ಕೀಳಿ, ತೆಂಗಿನ ಸಸಿಯಂತೂ ನೆಡಲೇಬೇಡಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಏರಿಯ ಹಿಂಬದಿ ಬುಡದಲ್ಲಿ ನಡೆದು, ಒದ್ದೆಯಾದ ಜಾಗವನ್ನ ಪ್ರತಿಸಲ ಅದೇ ಕೋನದಲ್ಲಿ ಫೋಟೊ ತೆಗೆದಿಡಿ. ಫೋನು ಅದಕ್ಕೂ ಆಗುತ್ತೆ, ರೀಲ್ಸ್‌ಗೆ ಮಾತ್ರ ಅಲ್ಲ. ಸೋರೋ ನೀರು ತಿಳಿಯಾಗಿದ್ದು ಅಷ್ಟೇ ಇದ್ದರೆ ಕಣ್ಣಿಟ್ಟಿರಿ. ಕೆಂಪಗೆ, ಕದಡಿಕೊಂಡು ಬಂದರೆ ಏರಿಯ ಒಳಗಿನ ಮಣ್ಣೇ ಹೋಗ್ತಿದೆ ಅಂತ ಅರ್ಥ. ಆಗ ಮೊದಲ ಫೋನ್ ಕೆಳಗಿನ ಮನೆಯವರಿಗೆ, ಎರಡನೇದು 112ಕ್ಕೆ. ಆಮೇಲೆ ತೂಬು ತೆಗೆಯೋದು, ಪಂಪ್ ಹಾಕೋದು, ಗಟ್ಟಿ ನೆಲದಲ್ಲಿರುವ ಕೋಡಿಯನ್ನ ಅಗಲ ಮಾಡೋದು. ಏರಿಯನ್ನ ಮಾತ್ರ ಕಡಿಯಬೇಡಿ.

ಇನ್ನೊಂದಡಿ ನೀರು ಬೇಕೇಬೇಕು ಅನ್ನೋರಿಗೆ ದಾರಿ ಇದೆ. ಬೇಸಿಗೆಯಲ್ಲಿ ಹೂಳು ತೆಗೆಸಿ. 1 ಎಕರೆಯಲ್ಲಿ 1 ಅಡಿ ತೆಗೆದರೆ 12 ಲಕ್ಷ ಲೀಟರಿಗೂ ಹೆಚ್ಚು ಜಾಗ ಸಿಗುತ್ತೆ, ಏರಿ ಎತ್ತರಿಸೋ ಗೋಜೇ ಇಲ್ಲ. ಆ ಗೋಡು ಮಣ್ಣು ತೆಂಗಿನ ಬುಡಕ್ಕೆ ಹೋಗಲಿ. ಏರಿಯ ಬುಡಕ್ಕೆ ಹತ್ತಿರ ಮಾತ್ರ ಬಕೆಟ್ ಹಾಕಿಸಬೇಡಿ. ಅಲ್ಲಿ ಗುಂಡಿ ಬಿದ್ದರೆ ಏರಿ ಒಳಕ್ಕೆ ಜಾರುತ್ತೆ. ಎಷ್ಟು ದೂರ ಬಿಡಬೇಕು ಅನ್ನೋದನ್ನ ಜೆಸಿಬಿ ಬರೋ ಮುಂಚೆಯೇ ಎಂಜಿನಿಯರ್ ಕೇಳಿ, ಗೂಟ ಹೊಡೆದು ಸುಣ್ಣದ ಗೆರೆ ಎಳೆದಿಡಿ.