ವಿಷಯಾಂತರವೆಂದು ಬರೆದರು

ನನ್ನ ವೀಕ್ಷಣಾ ಪುಸ್ತಕದಲ್ಲಿ ಹದಿನಾಲ್ಕನೆಯ ಪಾಠದ ಕೆಳಗೆ ಕೆಂಪು ಶಾಯಿಯ ಎರಡು ಸಾಲುಗಳಿವೆ: ‘ಪೀಠಿಕೆ ಚೆನ್ನಾಗಿತ್ತು. ವಿಷಯಾಂತರದಿಂದಾಗಿ ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ.’ ಸಮಯ ಉಳಿಯಲಿಲ್ಲ ಎಂಬುದು ನಿಜ, ಒಪ್ಪುತ್ತೇನೆ. ಆದರೆ ಅದು ವಿಷಯಾಂತರವಾಗಿತ್ತೇ ಎಂಬುದರಲ್ಲಿ ನನಗೆ ತಕರಾರಿದೆ. ಆ ತಕರಾರನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಗೋಕಾಕ ತಾಲ್ಲೂಕಿನ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿ, ಸಮಾಜ ವಿಜ್ಞಾನ, ದೇಶದ ರಕ್ಷಣೆಯ ಪಾಠ. ಮೂರೂ ಪಡೆಗಳ ಚಾರ್ಟನ್ನು ಎರಡು ರಾತ್ರಿ ಕುಳಿತು ಬರೆದಿದ್ದೆ. ಭೂಸೇನೆಯ ರಚನೆಯನ್ನು ಅರ್ಧ ವಿವರಿಸುವಷ್ಟರಲ್ಲಿ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಟೀಚರ್ರೀ, ಟೀವ್ಯಾಗ ಬಂದಿದ್ರಲ್ಲ ಕರ್ನಲ್ ಮೇಡಂ, ಅವರು ಕೊಣ್ಣೂರ ಸೊಸಿ ಅಂತ. ಅವರಂಗ ಆಗಬೇಕಂದ್ರ ಏನ್ ಕಲೀಬೇಕ್ರಿ?”

“ಚೆನ್ನಾಗಿ ಓದಬೇಕು” ಎಂದೆ.

“ಹೌದ್ರಿ, ಏನ್ ಓದಬೇಕು?”

ಹಿಂದಿನ ಬೆಂಚಿನಿಂದ ಒಬ್ಬ, “ಓದೂದಲ್ಲಲೇ, ಓಡಬೇಕು!” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲಿನ ಎಂಟು ನಿಮಿಷ ದೇಶಸೇವೆಯ ಬಗ್ಗೆ ಏನೇನೋ ಮಾತಾಡಿದೆ. ವೀಕ್ಷಕರು ವಿಷಯಾಂತರವೆಂದು ಬರೆದದ್ದು ಈ ಎಂಟು ನಿಮಿಷಕ್ಕೆ. ನನ್ನ ಪ್ರಕಾರ ತಪ್ಪು ಬೇರೆಯೇ ಇತ್ತು. ಹುಡುಗಿ ಕೇಳಿದ್ದೇ ವಿಷಯ. ಉತ್ತರ ಗೊತ್ತಿಲ್ಲದೆ ಅದರಿಂದ ತಪ್ಪಿಸಿಕೊಂಡವಳು ನಾನು.

ಆ ಹುಡುಗಿ ಹೇಳಿದ್ದು ಕರ್ನಲ್ ಸೋಫಿಯಾ ಖುರೇಷಿಯವರ ವಿಚಾರ. 2025ರ ಮೇ 7ರಂದು ಆಪರೇಷನ್ ಸಿಂಧೂರದ ವಿವರಗಳನ್ನು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಅವರ ಜೊತೆಗೂಡಿ ದೇಶಕ್ಕೆ ತಿಳಿಸಿದವರು. ತವರು ಗುಜರಾತಿನ ವಡೋದರಾ, ಗಂಡನ ಮನೆ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರು. ಆ ವಾರ ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಚಹಾದಂಗಡಿಯಲ್ಲಿ ಕುಳಿತರೂ ಇದೇ ಮಾತು. ಆದರೆ ಅವರು ಅಲ್ಲಿಗೆ ತಲುಪಿದ್ದು ಹೇಗೆ ಎಂದು ಯಾರೂ ಮಾತಾಡಿದ್ದು ನಾನು ಕೇಳಲಿಲ್ಲ. ಜೀವರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, 1999ರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ, ಅಂದರೆ ಓಟಿಎಯಿಂದ, ಅಧಿಕಾರಿಯಾಗಿ ಹೊರಬಂದವರು ಅವರು. ಪ್ರಾಧ್ಯಾಪಕಿಯಾಗಬೇಕೆಂದು ಪಿಎಚ್‌ಡಿ ಹಿಡಿದಿದ್ದರು, ಅದನ್ನು ಬಿಟ್ಟು ಸೇನೆಗೆ ಹೋದರು ಎಂದು ಮನೆಯವರು ಪತ್ರಿಕೆಗಳಿಗೆ ಹೇಳಿದ್ದರು. ನಮ್ಮ ಕಾಲೇಜಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ನಾವು ಹಿಡಿದಿರುವ ದಾರಿಯ ಬಾಯಲ್ಲೇ ನಿಂತು ಅವರು ಇನ್ನೊಂದನ್ನು ಆರಿಸಿಕೊಂಡರು.

ಅಂದು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನಮ್ಮದು ಹುಕ್ಕೇರಿ ತಾಲ್ಲೂಕು. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಆಫೀಸರ್ ಆಗೋದು ಹೇಗೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಹೇಬ್ರು ಬ್ಯಾರೆ ಹಾದ್ಯಾಗ ಬರ್ತಾರವಾ. ಆ ಹಾದಿ ನಮಗ ಯಾರೂ ತೋರಿಸಲಿಲ್ಲ” ಎಂದರು. ಅಷ್ಟು ವರ್ಷ ಸೇನೆಯಲ್ಲೇ ಇದ್ದವರ ಮಾತಿದು. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವಿದೆ, 1945ರಿಂದ ಮಿಲಿಟರಿ ಶಾಲೆಯಿದೆ. ಆದರೂ ನಮ್ಮ ಹಳ್ಳಿಗಳಲ್ಲಿ ‘ಮಿಲಿಟ್ರಿ’ ಎಂದರೆ ಜವಾನನ ಭರತಿ, ಅಂದರೆ 1600 ಮೀಟರ್ ಓಟ. ಮೂಡಲಗಿ ಕಡೆಯ ಶಾಲೆಗೆ ಹೋಗಿದ್ದ ನನ್ನ ಗೆಳತಿಯೂ ಅವಳ ತರಗತಿಯಲ್ಲಿ ಕೇಳಿ ನೋಡಿದಳು. ಸೇನೆಗೆ ಹೋಗುತ್ತೇವೆಂದು ಕೈ ಎತ್ತಿದ ಹುಡುಗರಲ್ಲಿ ಒಬ್ಬನೂ ಅಧಿಕಾರಿ ಎಂಬ ಪದ ಬಳಸಲಿಲ್ಲವಂತೆ.

ಆ ಹಾದಿ ಇಷ್ಟು. ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ಸಿಡಿಎಸ್ ಪರೀಕ್ಷೆ ನಡೆಸುತ್ತದೆ. ಯಾವುದೇ ಪದವಿ ಆಗುತ್ತದೆ, ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಡೆಹ್ರಾಡೂನಿನ ಅಕಾಡೆಮಿಗೆ ಹೋಗಬೇಕೆಂದರೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಮೂರೂ ಬೇಕು. ಚೆನ್ನೈನ ಓಟಿಎಗೆ ಗಣಿತವೇ ಇಲ್ಲ. ಇಂಗ್ಲಿಷ್ ನೂರು ಅಂಕ, ಸಾಮಾನ್ಯ ಜ್ಞಾನ ನೂರು ಅಂಕ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗ ಹಿಡಿದ ನಮ್ಮಂಥವರು ಇದನ್ನು ಎರಡು ಸಲ ಓದಬೇಕು. ಹತ್ತಿರದ ಪರೀಕ್ಷಾ ಕೇಂದ್ರ ಧಾರವಾಡ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರ ಇದ್ದವರಿಗೆ ಈ ಬರಹದ ಪರೀಕ್ಷೆಯೂ ಇಲ್ಲದ ಪ್ರತ್ಯೇಕ ಪ್ರವೇಶವಿದೆ. ಇವೆಲ್ಲ ದಾಟಿದವರಿಗೆ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಬಹಳ ಮಂದಿ ಮೊದಲ ದಿನವೇ ಬ್ಯಾಗ್ ಹೆಗಲಿಗೇರಿಸಿ ವಾಪಸಾಗುತ್ತಾರೆ. ಆಯ್ಕೆಯಾದರೆ ಚೆನ್ನೈನಲ್ಲಿ 49 ವಾರ ತರಬೇತಿ, ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್, ಆಮೇಲೆ ಲೆಫ್ಟಿನೆಂಟ್.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಜಾಹೀರಾತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಓಟಿಎಯಿಂದ ಸಿಗುವುದು ಶಾರ್ಟ್ ಸರ್ವಿಸ್: ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. ಅದರೊಳಗೆ ಕಾಯಂ ಆಗದಿದ್ದರೆ ಮೂವತ್ತೈದರ ಆಚೀಚೆ ಮನೆಗೆ ಬರಬೇಕು. ಅಧಿಕಾರಿಗೆ ಪಿಂಚಣಿ ಬರಲು ಇಪ್ಪತ್ತು ವರ್ಷ ಸೇವೆ ಬೇಕು, ಹಾಗಾಗಿ ಅದೂ ಇಲ್ಲ. ಮಹಿಳೆಯರಿಗೆ ಕಾಯಂ ಹುದ್ದೆಯ ಬಾಗಿಲು ಸರಿಯಾಗಿ ತೆರೆದದ್ದು 2020ರ ಫೆಬ್ರವರಿ 17ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಮಹಿಳಾ ಅಧಿಕಾರಿಗಳು ಏನು ಸಾಧಿಸಿದ್ದಾರೆ ಎನ್ನುವಾಗ ಆ ತೀರ್ಪಿನಲ್ಲಿ ಖುರೇಷಿಯವರ ಹೆಸರೂ ಬಂದಿದೆ. ಜೀವಕ್ಕೆ ಅಪಾಯವಿದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಉಳಿದ ದಾರಿಗಳು. ನನ್ನ ತಮ್ಮ ಅಗ್ನಿವೀರನಾಗಲು ನಸುಕಿನಲ್ಲಿ ಎದ್ದು ಓಡುತ್ತಾನೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕು ವರ್ಷ ಮುಗಿದಾಗ ಸುಮಾರು 11.71 ಲಕ್ಷದ ಸೇವಾನಿಧಿ, ನೂರರಲ್ಲಿ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಕೆ. ನನ್ನ ಪದವಿಯ ಗೆಳತಿಯರು ಧಾರವಾಡದ ರೂಮುಗಳಲ್ಲಿ ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಓದುತ್ತ ಮೂರನೆಯ ವರ್ಷ ಕಳೆಯುತ್ತಿದ್ದಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಬಿ.ಇಡಿ. ಮುಗಿಸಿದ ನಮಗೆ ಟಿಇಟಿ, ಸಿಇಟಿ, ನಡುವೆ ಅತಿಥಿ ಶಿಕ್ಷಕರ ಕೆಲಸ. ಆ ಗೌರವಧನ ಎಷ್ಟೆಂದು ಈ ಪತ್ರಿಕೆಯ ಓದುಗರಿಗೆ ಹೇಳುವುದು ಬೇಡ. ನಾನೇ ಒಂದು ವರ್ಷ ತೆಗೆದುಕೊಂಡಿದ್ದೇನೆ, ಅದೂ ಮೂರು ತಿಂಗಳು ತಡವಾಗಿ.

ಯಾವ ಕೆಲಸ ದೊಡ್ಡದು, ಯಾವುದರಲ್ಲಿ ಸಂಬಳ ಹೆಚ್ಚು ಎಂದು ತೂಗುವುದೇ ನಮ್ಮ ರೂಢಿ. ನನಗೆ ಅನ್ನಿಸುವುದು, ಮೊದಲು ನೋಡಬೇಕಾದದ್ದು ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದನ್ನು. ಓಟಿಎಗೆ ತರಬೇತಿ ಶುರುವಾಗುವ ಹೊತ್ತಿಗೆ 25 ವರ್ಷ ಮೀರಿರಬಾರದು. ಪರೀಕ್ಷೆ ಅದಕ್ಕೆ ಸುಮಾರು ಒಂದು ವರ್ಷ ಮೊದಲೇ ಇರುತ್ತದೆ. ಅಂದರೆ 24ಕ್ಕೆ ಎಲ್ಲ ಮುಗಿಯಿತು. ಶಿಕ್ಷಕ ಹುದ್ದೆಯ ಬಾಗಿಲು ನಲವತ್ತರ ಸಮೀಪದವರೆಗೂ ತೆರೆದಿರುತ್ತದೆ. ಸೇನೆಯಿಂದ ಬಂದು ಬಿ.ಇಡಿ. ಮಾಡಬಹುದು. ಮೊದಲು ಶಾಲೆಯಲ್ಲಿ ಹತ್ತು ವರ್ಷ ಕಳೆದು ಆಮೇಲೆ ಓಟಿಎಗೆ ಹೋಗಲು ಬರುವುದಿಲ್ಲ. ಪದವಿಯ ಎರಡನೆಯ ವರ್ಷದಲ್ಲಿ ಇದನ್ನು ನನಗೆ ಯಾರಾದರೂ ಹೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಪಾಸಾಗುತ್ತಿದ್ದೆ ಎಂದೇನೂ ನಾನು ಹೇಳುತ್ತಿಲ್ಲ. ಆ ಹುಡುಗಿ ಪ್ರಶ್ನೆ ಕೇಳಿದ ದಿನ ನನಗೆ 25 ತುಂಬಿ ಎರಡು ತಿಂಗಳಾಗಿತ್ತು. ಬಿ.ಇಡಿ.ಗೆ ಬಂದದ್ದಕ್ಕೆ ಬೇಸರವಿಲ್ಲ. ಎರಡು ದಾರಿ ಇವೆ ಎಂದು ತಿಳಿದು ಒಂದನ್ನು ಹಿಡಿಯುವುದು ಬೇರೆ, ಇರುವುದು ಒಂದೇ ಎಂದುಕೊಂಡು ಅದರಲ್ಲಿ ನಡೆಯುವುದು ಬೇರೆ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬಾರದು, ಇದೆಲ್ಲ ಸುಮ್ಮನೆ ಆಸೆ ಹುಟ್ಟಿಸಿದಂತೆ ಎಂದು ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಅಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಅದು ಸರಿಯಾಗುವವರೆಗೆ ಒಂಬತ್ತನೆಯ ತರಗತಿಯ ಹುಡುಗಿ ಕಾಯುತ್ತ ಕೂರುವಂತಿಲ್ಲ. ಅವಳ ಕೈಯಲ್ಲಿ ಇನ್ನೂ ಏಳೆಂಟು ವರ್ಷವಿದೆ. ಇಂಗ್ಲಿಷ್ ಪತ್ರಿಕೆ ಬಹು ಆಯ್ಕೆಯದು: ಪದಗಳ ಅರ್ಥ, ವಾಕ್ಯದ ತಪ್ಪು ಗುರುತಿಸುವುದು, ಗದ್ಯ ಓದಿ ಉತ್ತರಿಸುವುದು. ಕಲಿಸಿದರೆ ಬರುವ ವಿದ್ಯೆಯೇ.

ನಿಜವಾದ ತೊಡಕು ಎಸ್‌ಎಸ್‌ಬಿಯಲ್ಲಿ, ಮಾತಾಡುವುದರಲ್ಲಿ. ಅಲ್ಲಿ ಲೆಕ್ಚರೆಟ್ ಎಂಬ ಒಂದು ಹಂತವಿದೆ. ಒಂದು ಚೀಟಿಯಲ್ಲಿ ನಾಲ್ಕು ವಿಷಯ ಕೊಡುತ್ತಾರೆ, ಒಂದನ್ನು ಆರಿಸಿ ಮೂರು ನಿಮಿಷ ಯೋಚಿಸಿ, ಗುಂಪಿನ ಎದುರು ಮೂರು ನಿಮಿಷ ಮಾತಾಡಬೇಕು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಸೂಕ್ಷ್ಮಬೋಧನೆಯೂ ಹೆಚ್ಚುಕಡಿಮೆ ಇದೇ ತಾನೆ? ಮೊದಲ ಸೆಮಿಸ್ಟರಿನಲ್ಲಿ ಗೆಳತಿಯರ ಎದುರು ಐದಾರು ನಿಮಿಷ ನಿಲ್ಲಲು ನಾವು ಎಷ್ಟು ಬೆವರಿದ್ದೆವು! ಹಾಗೆ ನಿಲ್ಲುವುದನ್ನು ನಾವು ಪದವಿ ಮುಗಿದ ಮೇಲೆ ಕಲಿತೆವು. ಅದನ್ನೇ ಮಕ್ಕಳಿಗೆ ಒಂಬತ್ತನೆಯ ತರಗತಿಯಲ್ಲಿ ಏಕೆ ಕಲಿಸಬಾರದು? ಗುಂಪು ಚಟುವಟಿಕೆ ಎಂದು ಪಾಠಯೋಜನೆಯಲ್ಲಿ ಬರೆಯುತ್ತೇವೆ, ಕೊನೆಗೆ ಗುಂಪಿನ ಜಾಣ ಹುಡುಗನೊಬ್ಬನೇ ಎದ್ದು ಓದುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ದಿನಕ್ಕೆ ಇಬ್ಬರಂತೆ ಮೂರು ನಿಮಿಷ ನಿಲ್ಲಿಸಿದರೂ ಒಂದು ತಿಂಗಳಲ್ಲಿ ನಲವತ್ತು ಮಕ್ಕಳ ಸರದಿ ಬರುತ್ತದೆ. ಮುಂದೆ ಅವರು ಅಧಿಕಾರಿಯಾಗಲಿ, ಸೊಸೈಟಿಯ ಸಭೆಯಲ್ಲಿ ಎದ್ದು ಲೆಕ್ಕ ಕೇಳಲಿ, ಎರಡಕ್ಕೂ ಆಗುತ್ತದೆ.

ನಮ್ಮ ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇಷ್ಟೇ. ರಕ್ಷಣೆ, ನ್ಯಾಯಾಂಗ, ಬ್ಯಾಂಕು ಇಂಥ ಪಾಠಗಳ ಯೋಜನೆಯಲ್ಲಿ ‘ಇಲ್ಲಿಗೆ ನಾನು ಹೇಗೆ ಹೋಗಬಹುದು’ ಎಂಬುದಕ್ಕೆ ಐದು ನಿಮಿಷವನ್ನು ಅಧಿಕೃತವಾಗಿ ಇಡಲಿ. ಪರೀಕ್ಷೆಯ ಹೆಸರು, ವಯಸ್ಸು, ಎಷ್ಟು ವರ್ಷದ ಕೆಲಸ, ಪಿಂಚಣಿ ಉಂಟೋ ಇಲ್ಲವೋ, ಎಲ್ಲ ಬೋರ್ಡಿನ ಮೇಲೆ ಬರಲಿ. ಆಗಸ್ಟ್ 15ರ ಭಾಷಣದಲ್ಲಿ ಸೈನಿಕರನ್ನು ಹೊಗಳಿ, ಅರ್ಜಿಯ ತಾರೀಖು ಕೇಳಿದ ಮಗುವಿಗೆ ಪಾಠ ಮುಗಿಯಲಿ ಎನ್ನುವುದು ಸರಿಯಲ್ಲ. ಇಡೀ ವರ್ಷ ಒಂದೇ ಸಲ ಯಾರನ್ನೋ ಕರೆಸಿ ಮಾಡಿಸುವ ‘ವೃತ್ತಿ ಮಾರ್ಗದರ್ಶನ ಶಿಬಿರ’ದಿಂದ ಇದು ಆಗುವುದಿಲ್ಲ. ಅಲ್ಲಿ ಮಕ್ಕಳಿಗೆ ನೆನಪುಳಿಯುವುದು ಉಪ್ಪಿಟ್ಟು ಮಾತ್ರ.

ಇಂಟರ್ನ್‌ಶಿಪ್ಪಿನ ಕೊನೆಯ ವಾರದಲ್ಲಿ ಪಾಲಕರ ಸಭೆ ಇತ್ತು. ಅಷ್ಟರಲ್ಲಿ ಆ ಹುಡುಗಿಗೆ ಮೇಲಿನದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಅವಳ ಅಪ್ಪ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಕಬ್ಬಿನ ಗದ್ದೆಯಿಂದ ನೇರ ಬಂದವರು. “ಟೀಚರ್ರ, ಇದರಾಗ ಮದಿವಿ ಆಗಿರಬಾರದು ಅಂತ ಬರದೀರಿ. ಕಡೀತನಾ ಆಗೂದ ಇಲ್ಲೇನ್ರಿ?” ಎಂದರು. ತರಬೇತಿ ಮುಗಿಯುವ ತನಕ ಮಾತ್ರ, ಆಮೇಲೆ ಆಗಬಹುದು ಎಂದೆ. ಅವರು ಬೆರಳು ಮಡಚಿ ಎಣಿಸಿದರು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ, ಒಂದು ವರ್ಷ ಟ್ರೇನಿಂಗ್.

“ಇಪ್ಪತ್ಮೂರು, ಇಪ್ಪತ್ನಾಕಕ್ಕ ಬರ್ತದ” ಎಂದು ತಮ್ಮಷ್ಟಕ್ಕೇ ಅಂದರು. ಆಮೇಲೆ, “ಫಾರ್ಮಿಗೆ ಎಷ್ಟ್ರೀ?”

“ಹೆಣ್ಮಕ್ಕಳಿಗೆ ಫೀ ಇಲ್ಲರಿ” ಎಂದೆ.

ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಅವಳು ಹೊರಗೆ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು.